ಒಂದಡಿ ಚೌಕ

ರಾತ್ರಿ ಹನ್ನೊಂದರವರೆಗೂ ಆ ಕರಿ ಕಾರು ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾನೆಟ್ಟಿನ ಮೇಲೆ ಬಗ್ಗಿದರೆ ಅವನಿಗೆ ತನ್ನ ಹುಬ್ಬಿನ ಕೂದಲೂ ಕಾಣುತ್ತಿತ್ತು. ಎಂಟು ಗಂಟೆ ನಿಂತು ಮಾಡಿದ ಕೆಲಸ. ಭುಜ ಬಿದ್ದುಹೋಗಿತ್ತು, ಮನಸ್ಸು ಮಾತ್ರ ತುಂಬಿತ್ತು. ಶಟರ್ ಎಳೆದು ಬೀಗ ಹಾಕಿ ಮಲಗಲು ಹೋದ.

ಬೆಳಿಗ್ಗೆ ಎಂಟೂವರೆಗೆ ಕಾರನ್ನು ಹೊರಗೆ ತೆಗೆದು ಬಿಸಿಲಿಗೆ ನಿಲ್ಲಿಸಿದಾಗ ಎದೆ ಧಸಕ್ಕೆಂದಿತು. ಬಾನೆಟ್ಟಿನ ಉದ್ದಕ್ಕೂ ಬೂದುಬಣ್ಣದ ಪಟ್ಟೆಗಳು ಎದ್ದಿದ್ದವು. ಹಿಂದಿನ ದಿನ ಬಫಿಂಗ್ ಮೆಷಿನ್ ಯಾವ ದಾರಿಯಲ್ಲಿ ಆಡಿತ್ತೋ ಅದೇ ದಾರಿಯಲ್ಲಿ, ಬಿಡಿಸಿಟ್ಟ ಗರಿಯ ಎಳೆಗಳ ಹಾಗೆ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಅವೂ ಎಡಕ್ಕೆ ಸರಿದವು. ಬಗ್ಗಿದರೆ ಮಾಯವಾದವು, ಎದ್ದು ನಿಂತರೆ ಮತ್ತೆ ಬಂದವು. ಹತ್ತು ಗಂಟೆಗೆ ಕಾರಿನ ಮಾಲೀಕರು ಬರುವವರಿದ್ದರು. ನಿವೃತ್ತ ಮೇಷ್ಟ್ರು ಅವರು. ಕೈಗೆ ಬಂದ ಇಡಿಗಂಟಿನಲ್ಲಿ ಒಂದು ಪಾಲು ಹಾಕಿ ಕೊಂಡ ಜಪಾನಿ ಕಂಪನಿಯ ಸೆಡಾನ್ ಅದು.

ಮೇಸ್ತ್ರಿ ಬಂದರು, ನೋಡಿದರು. ಬೈಯುತ್ತಾರೆಂದು ಅವನು ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ.

“ಹೋದ ವಾರ ಜರ್ಮನ್ ಗಾಡಿಗೆ ಹಾಕಿದ್ ಪ್ಯಾಡೇನಾ?”

“ಹೌದು ಮೇಸ್ತ್ರಿ.”

“ಕಾಂಪೌಂಡೂ ಅದೇನಾ?”

“ಅದೇ.”

“ಅದು ಗಟ್ಟಿ ಪೇಂಟು. ಇದು ಮೆತ್ತಗಿರೋದು ಕಣೋ. ಬೆಣ್ಣೆ ಮೇಲೆ ಕಲ್ಲು ಉಜ್ಜಿದ ಹಾಗೆ ಮಾಡಿದೀಯ.”

ಅದು 2006. ಅವನಿಗೆ ಇಪ್ಪತ್ತನಾಲ್ಕು. ಏಳು ವರ್ಷ ಪೇಂಟ್ ಶೆಡ್ಡಿನಲ್ಲಿ ಕಳೆದಿದ್ದರೂ ಪೇಂಟಿನಲ್ಲಿ ಗಟ್ಟಿ, ಮೆತ್ತನೆ ಎಂಬ ಎರಡು ಜಾತಿಗಳಿವೆ ಎಂದು ಅವನು ಕೇಳಿದ್ದು ಅವತ್ತೇ ಮೊದಲು.

*

ಅವನ ಊರು ಚನ್ನಪಟ್ಟಣ. ಅಪ್ಪ ಲೇತಿನ ಮುಂದೆ ಕೂತು ಬುಗುರಿ, ಗಿಲಕಿ, ಬಳೆ ಕಡೆಯುವವರು. ಆಲೆಮರದ ತುಂಡು ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಿದ್ದರು. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ತಾಳೆಗರಿಯ ತುಂಡನ್ನು ಮಡಿಸಿ ಅದೇ ಮರದ ಮೇಲೆ ಒತ್ತಿದರೆ ಅರಗು ಸಮವಾಗಿ ಹರಡಿ ಹೊಳಪು ಏಳುತ್ತಿತ್ತು. ಒತ್ತಡ ಕಡಿಮೆಯಾದರೆ ಮಬ್ಬು, ಹೆಚ್ಚಾದರೆ ಅರಗು ಸೀದ ವಾಸನೆ. ಅಪ್ಪ ಕಣ್ಣಿಗಿಂತ ಮೂಗನ್ನೇ ಹೆಚ್ಚು ನಂಬಿ ಕೆಲಸ ಮಾಡುತ್ತಿದ್ದರು. ಮಗ ಈ ಕಸುಬಿಗೆ ಕೂರಲಿಲ್ಲ, ಆದರೆ ಆ ವಾಸನೆ ಅವನ ಮೂಗಿನಲ್ಲಿ ಉಳಿಯಿತು.

1999ರಲ್ಲಿ ಎಸ್ಸೆಸ್ಸೆಲ್ಸಿ ಎರಡನೇ ಸಲವೂ ಕೈಕೊಟ್ಟ ಮೇಲೆ ಬೆಂಗಳೂರಿನ ಬಸ್ಸು ಹತ್ತಿದ. ದಾರಿಯಲ್ಲಿ ಬಿಡದಿಯ ಹತ್ತಿರ ಹೊಸ ಕಾರ್ಖಾನೆಯ ಉದ್ದುದ್ದ ಚಾವಣಿಗಳು ಕಂಡವು. ಟೊಯೋಟಾದ್ದು. ಆ ವರ್ಷದ ಕೊನೆಗೆ ಅಲ್ಲಿ ಕೆಲಸ ಶುರುವಾಗಿ, ಮಾರನೇ ವರ್ಷ ಕ್ವಾಲಿಸ್ ಗಾಡಿಗಳು ರಸ್ತೆಗೆ ಬಂದವು. ಅವನು ಸೇರಿದ್ದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಟಿಂಕರಿಂಗ್–ಪೇಂಟಿಂಗ್ ಶೆಡ್ಡಿಗೆ. ಮೊದಲ ವರ್ಷವಿಡೀ ಅವನಿಗೆ ಸಿಕ್ಕಿದ್ದು ವಾಟರ್ ಪೇಪರ್ ಮತ್ತು ಒಂದು ಬಕೆಟ್ಟು ನೀರು. ಬಡಿದು ನೇರ ಮಾಡಿದ ತಗಡಿನ ಮೇಲೆ ಪುಟ್ಟಿ ಎಳೆಯುವುದು, ಒಣಗಿದ ಮೇಲೆ ಉಜ್ಜುವುದು, ಮತ್ತೆ ಎಳೆಯುವುದು, ಮತ್ತೆ ಉಜ್ಜುವುದು. ಸಂಜೆಗೆ ಬೆರಳ ತುದಿಗಳು ನೆನೆದು ಬಿಳಿಚಿಕೊಂಡು, ಬಿಸಿ ಟೀ ಲೋಟ ಹಿಡಿಯಲೂ ಆಗುತ್ತಿರಲಿಲ್ಲ.

ಆಗಿನ ಪಾಲಿಶ್ ಎಂದರೆ ಡಬ್ಬಿಯಲ್ಲಿ ಬರುವ ರಬ್ಬಿಂಗ್ ಕಾಂಪೌಂಡು, ಒಂದು ಹಳೆ ಬಟ್ಟೆ, ರಟ್ಟೆಯ ಬಲ. ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿಗಳ ಬಣ್ಣ ಒಂದೇ ಪದರದ್ದು, ಬಣ್ಣವೇ ಮೇಲ್ಮೈ. ಬಿಳಿ ಅಂಬಾಸಿಡರ್ ಉಜ್ಜಿದರೆ ಬಟ್ಟೆ ಬಿಳಿಯಾಗುತ್ತಿತ್ತು, ಕೆಂಪು ಮಾರುತಿ ಉಜ್ಜಿದರೆ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗುತ್ತಿತ್ತು. ಬಿಸಿಲಿಗೆ ನಿಂತು ನಿಂತು ಗುಲಾಬಿ ಬಣ್ಣಕ್ಕೆ ತಿರುಗಿದ ಮಾರುತಿ 800ರ ಬಾನೆಟ್ಟು ಕೈಯಡಿಯಲ್ಲಿ ಮತ್ತೆ ಕೆಂಪಗಾಗುವುದನ್ನು ನೋಡುವುದೇ ಅವನಿಗೊಂದು ಸಂಭ್ರಮ. ಬಿಸಿಲು ತಿಂದ ಮೇಲ್ಪದರ ಬಟ್ಟೆಗೆ ಬರುತ್ತಿತ್ತು, ಕೆಳಗಿನ ಜೀವಂತ ಬಣ್ಣ ಮೇಲಕ್ಕೆ ಬರುತ್ತಿತ್ತು.

ಹೊಸ ಗಾಡಿಗಳು ಬರತೊಡಗಿದ ಮೇಲೆ ಒಂದು ದಿನ ಬಟ್ಟೆಗೆ ಬಣ್ಣ ಬರುವುದೇ ನಿಂತಿತು. ಎಷ್ಟು ಉಜ್ಜಿದರೂ ಬಟ್ಟೆಯ ಮೇಲೆ ಬರೀ ಕಾಂಪೌಂಡಿನ ಬೂದಿ. “ಮೇಲೆ ಕ್ಲಿಯರ್ ಇದೆ. ಬಣ್ಣ ಕೆಳಗೆ ಮಲಗಿದೆ” ಎಂದರು ಮೇಸ್ತ್ರಿ.

*

ಆ ಮಾತಿನ ಪೂರ್ತಿ ಅರ್ಥ ಅವನಿಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಈಗಿನ ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಒಂದು ಪದರ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಅದನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಗಾಜಿನ ಹಾಗೆ ತಿಳಿಯಾದ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್‌ನ ಪಾಲು 35ರಿಂದ 50. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಲಕ್ಷಗಟ್ಟಲೆ ಕೊಟ್ಟು ಕೊಂಡ ಗಾಡಿಯ ಹೊಳಪೆಲ್ಲ ಒಂದು ಕೂದಲಿಗಿಂತ ತೆಳುವಾದ ಪೊರೆಯ ಮೇಲೆ ನಿಂತಿದೆ. ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದೂ ಅದೇ ಪೊರೆ.

ಪಾಲಿಶ್ ಮಾಡುವುದೆಂದರೆ ಏನನ್ನೋ ಬಳಿದು ಹೊಳೆಯಿಸುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ನಿಜವಲ್ಲ. ಗೀರೆಂದರೆ ಒಂದು ಕಣಿವೆ. ಕಣಿವೆಯನ್ನು ತುಂಬಲಾಗದು, ಸುತ್ತಲಿನ ನೆಲವನ್ನೇ ಕಣಿವೆಯ ತಳದ ಮಟ್ಟಕ್ಕೆ ಇಳಿಸಬೇಕು. ಒಂದು ಸಲ ಸರಿಯಾಗಿ ಹೀಗೆ ಗೀರು ತೆಗೆದರೆ ಎರಡು ಮೂರು ಮೈಕ್ರಾನ್ ಹೋಗುತ್ತದೆ, ಮತ್ತೆ ಬರುವುದಿಲ್ಲ. ಕಾರಿನ ಜೀವಮಾನದಲ್ಲಿ ಈ ಕೆಲಸವನ್ನು ಕೈಬೆರಳಲ್ಲಿ ಎಣಿಸುವಷ್ಟು ಸಲ ಮಾತ್ರ ಮಾಡಬಹುದು. ದೀಪಾವಳಿಗೊಂದು, ಯುಗಾದಿಗೊಂದು ಎಂದು ಬಫಿಂಗ್ ಮಾಡಿಸುವವರನ್ನು ಕಂಡರೆ ಅವನಿಗೆ ಇವತ್ತಿಗೂ ಸಂಕಟವಾಗುತ್ತದೆ.

ಬಿಸಿಲಲ್ಲಿ ನಿಂತ ಕರಿ ಕಾರಿನ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂಥ ದುಂಡು ಗೆರೆಗಳು ಕಾಣುತ್ತವೆ. ಯಾರೋ ಬಟ್ಟೆಯನ್ನು ದುಂಡಗೆ ತಿರುಗಿಸಿ ಒರೆಸಿದ್ದಾರೆ ಎಂದು ಅವನೂ ಎಷ್ಟೋ ಕಾಲ ನಂಬಿದ್ದ. ಒಂದು ರಾತ್ರಿ ಟಾರ್ಚು ಹಿಡಿದು ಬಾನೆಟ್ಟಿನ ಮೇಲೆ ಆಡಿಸಿದ. ಬಲೆ ಟಾರ್ಚಿನ ಜೊತೆಗೇ ನಡೆಯಿತು. ಬೆಳಕು ಎಲ್ಲಿಗೆ ಹೋದರೂ ಅದರ ಸುತ್ತಲೇ ವೃತ್ತ. ನಿಜಕ್ಕೂ ಅಲ್ಲಿದ್ದುದು ಎಲ್ಲ ದಿಕ್ಕಿಗೂ ಹರಡಿದ ಸಾವಿರಾರು ನೇರ ಗೀರುಗಳು. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಮಿನುಗುತ್ತವೆ. ಅವೆಲ್ಲ ಸೇರಿ ಕಣ್ಣಿಗೆ ದುಂಡಗೆ ಕಾಣುತ್ತವೆ. ಅವತ್ತಿನ ಆ ಕರಿ ಕಾರಿನ ಪಟ್ಟೆಗಳ ಗುಟ್ಟೂ ಹೆಚ್ಚುಕಡಿಮೆ ಇದೇ. ಮೆಷಿನ್ನು ಒಂದೇ ದಿಕ್ಕಿಗೆ ಎಳೆದ ಅತಿ ಸಣ್ಣ ಗೀರುಗಳ ಸಾಲು ಟ್ಯೂಬ್‌ಲೈಟಿನ ಹರಡಿದ ಬೆಳಕಿಗೆ ಕಾಣಿಸಲಿಲ್ಲ. ಸೂರ್ಯನ ಬೆಳಕು ಒಂದೇ ಚುಕ್ಕೆಯಿಂದ ಬರುತ್ತದೆ, ಏನನ್ನೂ ಮುಚ್ಚುವುದಿಲ್ಲ.

*

ಹಿಂದಿನ ವಾರದ ಜರ್ಮನ್ ಗಾಡಿಯ ಕತೆ ಬೇರೆ. ಅದರ ಮೇಲೆ ಅವನು ಮೊದಲು ಮಧ್ಯಮ ಕಾಂಪೌಂಡು ಹಾಕಿ ಫೋಮ್ ಪ್ಯಾಡಿನಲ್ಲಿ ನಾಲ್ಕು ಸುತ್ತು ಆಡಿಸಿದ. ಒರೆಸಿ ನೋಡಿದರೆ ಒಂದು ಗೀರೂ ಅಳಿದಿರಲಿಲ್ಲ. ಉಣ್ಣೆ ಪ್ಯಾಡು ಹಾಕಿದ, ಒರಟು ಕಾಂಪೌಂಡು ತೆಗೆದ, ವೇಗ ಏರಿಸಿದ, ಮೈಭಾರ ಬಿಟ್ಟ. ಆಗ ನಿಧಾನವಾಗಿ ಗೀರುಗಳು ಸೋತವು. ಒಂದು ಬಾಗಿಲಿಗೇ ಮುಕ್ಕಾಲು ಗಂಟೆ. ಆದರೆ ಕಡೆಯಲ್ಲಿ ಫೋಮ್ ಪ್ಯಾಡಿನಲ್ಲಿ ಒಂದು ಸಲ ಸವರಿದ್ದೇ ತಡ, ಆಳವಾದ ಕೆರೆಯ ನೀರಿನಂಥ ಹೊಳಪು ಎದ್ದಿತ್ತು.

ಗಟ್ಟಿ ಪೇಂಟಿನ ಗುಣವೇ ಅದು. ಕೊರೆಯಲು ಬಿಡುವುದಿಲ್ಲ, ಆದರೆ ಒಮ್ಮೆ ಸೋತರೆ ಹೊಳಪು ತಾನಾಗಿ ಬರುತ್ತದೆ. ಮೆತ್ತನೆಯದು ಇದಕ್ಕೆ ತಿರುಗುಮುರುಗು. ಗೀರು ಎರಡೇ ಸುತ್ತಿಗೆ ಹೋಗುತ್ತದೆ, ಹೋಗುವಾಗ ನೂರು ಹೊಸ ಗೀರುಗಳನ್ನು ಬಿಟ್ಟು ಹೋಗುತ್ತದೆ. ಕಾಂಪೌಂಡಿನ ಕಣ ಗೀಚುತ್ತದೆ, ಪ್ಯಾಡು ಗೀಚುತ್ತದೆ, ಒರೆಸುವ ಬಟ್ಟೆಯೂ ಗೀಚುತ್ತದೆ. ಕೆಲಸ ಕಲಿಯುವವರು ಗಟ್ಟಿ ಪೇಂಟಿಗೆ ಹೆದರುತ್ತಾರೆ. ಅವನ ಅನುಭವದಲ್ಲಿ ಹೆದರಬೇಕಾದ್ದು ಮೆತ್ತನೆಯ ಕರಿ ಪೇಂಟಿಗೆ.

ಅವತ್ತು ಬೆಳಿಗ್ಗೆ ಮೇಸ್ತ್ರಿ ಕಾರನ್ನು ಮತ್ತೆ ಒಳಗೆ ತರಿಸಿದರು. ಉಣ್ಣೆ ಪ್ಯಾಡು ಬಿಚ್ಚಿಸಿ, ಬೆರಳಲ್ಲಿ ಒತ್ತಿದರೆ ಒಳಗಿಳಿಯುವ ಮೆತ್ತನೆಯ ಫೋಮ್ ಪ್ಯಾಡು ಹಾಕಿದರು. ಕಾಂಪೌಂಡಿನ ಡಬ್ಬಿ ಅತ್ತ ಸರಿಸಿ, ಬಿಳಿ ಹಾಲಿನಂಥ ನುಣುಪು ಪಾಲಿಶ್ ನಾಲ್ಕೇ ತೊಟ್ಟು ಬಿಟ್ಟರು. ಮೆಷಿನ್ನಿನ ವೇಗ ನಿಮಿಷಕ್ಕೆ ಸಾವಿರ ಸುತ್ತಿನ ಹತ್ತಿರಕ್ಕೆ ಇಳಿಸಿದರು.

“ಮೆಷಿನ್ ತೂಕ ಸಾಕು. ನಿನ್ ತೂಕ ಬೇಡ” ಎಂದರು.

ಇಡೀ ಬಾನೆಟ್ಟಿಗೆ ಅವರು ಕೈ ಹಾಕಲಿಲ್ಲ. ಮೂಲೆಯಲ್ಲಿ ಒಂದಡಿ ಅಗಲ, ಒಂದಡಿ ಉದ್ದದ ಜಾಗದಲ್ಲಿ ಮಾತ್ರ ಆಡಿಸಿದರು. ಒರೆಸಲು ಅವನು ಶೆಡ್ಡಿನ ಹಳದಿ ಬಟ್ಟೆ ಎತ್ತಿಕೊಟ್ಟ. ಅವರು ಅದನ್ನು ದೂರ ಎಸೆದು, ತಮ್ಮ ಪೆಟ್ಟಿಗೆಯಿಂದ ಒಗೆದು ಒಗೆದು ಹತ್ತಿಯಾದ ಮಲ್ ಪಂಚೆಯ ತುಂಡು ತೆಗೆದರು. ಒರೆಸಿ, ಕಾರನ್ನು ಬಿಸಿಲಿಗೆ ತಳ್ಳಿಸಿ, ನೋಡಿ, ಮತ್ತೆ ಒಳಗೆ ತಳ್ಳಿಸಿದರು. ಇನ್ನೊಂದಡಿ ಜಾಗದಲ್ಲಿ ಇನ್ನೂ ಕಡಿಮೆ ಪಾಲಿಶ್ ಹಾಕಿ ಇನ್ನೂ ನಿಧಾನವಾಗಿ ಆಡಿಸಿದರು. ಮತ್ತೆ ಬಿಸಿಲು. ಮೂರನೇ ಸಲಕ್ಕೆ ಆ ಚೌಕ ಕರ್ರಗೆ, ತಳವಿಲ್ಲದ ಬಾವಿಯಂತೆ ಕಂಡಿತು. ಸುತ್ತಲಿನ ಬಾನೆಟ್ಟು ಅದರ ಮುಂದೆ ಬೂದಿ ಎರಚಿದ ಹಾಗಿತ್ತು.

ಮೇಷ್ಟ್ರು ಹತ್ತಕ್ಕೆ ಬಂದರು. ಮೇಸ್ತ್ರಿ ನಡೆದದ್ದನ್ನು ನಡೆದ ಹಾಗೆ ಹೇಳಿ, “ಇನ್ನೊಂದು ದಿನ ಕೊಡಿ ಸಾರ್” ಎಂದರು. ಮೇಷ್ಟ್ರು ಆ ಚೌಕವನ್ನೇ ನೋಡುತ್ತಾ ಬಹಳ ಹೊತ್ತು ನಿಂತರು. “ಹುಡುಗನ ಕೈಯಲ್ಲೇ ಮಾಡ್ಸಿ. ಕಲೀಲಿ” ಎಂದು ಹೇಳಿ ಆಟೋ ಹತ್ತಿ ಹೋದರು. ಆ ಮಾತಿಗೆ ಅವನು ಅವತ್ತು ಉತ್ತರ ಕೊಡಲಾರದೆ ಹೋದ. ಇವತ್ತೂ ನೆನೆದರೆ ಗಂಟಲು ಕಟ್ಟುತ್ತದೆ.

*

ಪೇಂಟು ಏಕೆ ಗಟ್ಟಿಯಾಗುತ್ತದೆ, ಏಕೆ ಮೆತ್ತಗಾಗುತ್ತದೆ? ಕ್ಲಿಯರ್ ಎಂಬುದು ಒಂದು ಬಗೆಯ ಪ್ಲಾಸ್ಟಿಕ್ಕು. ಒಣಗುವಾಗ ಅದರೊಳಗಿನ ಅಣುಗಳ ಸರಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೆಣಿಗೆ ಒತ್ತಾಗಿದ್ದರೆ ಗಟ್ಟಿ, ಬಿಡಿಯಾಗಿದ್ದರೆ ಮೆತ್ತಗೆ. ಯಾವ ರಾಳ, ಯಾವ ಹಾರ್ಡ್‌ನರ್, ಎಷ್ಟು ಶಾಖದಲ್ಲಿ ಎಷ್ಟು ಹೊತ್ತು ಬೇಯಿಸಿದರು ಎಂಬುದರ ಮೇಲೆ ಅದೆಲ್ಲ ನಿಂತಿದೆ. ಕಾರ್ಖಾನೆಯಲ್ಲಿ ಬರೀ ಬಾಡಿಯನ್ನು ಸುಮಾರು 140 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಅಪಘಾತವಾದ ಮೇಲೆ ಗ್ಯಾರೇಜಿನ ಬೂತಿನಲ್ಲಿ ಅಷ್ಟು ಶಾಖ ಕೊಡಲಾಗದು. ಟೈರು, ವೈರು, ಸೀಟು ಎಲ್ಲ ಗಾಡಿಯಲ್ಲೇ ಇರುತ್ತವೆ. ಅಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ. ಹಾಗಾಗಿ ಗ್ಯಾರೇಜಿನ ಪೇಂಟು ಸಾಮಾನ್ಯವಾಗಿ ಕಾರ್ಖಾನೆಯದಕ್ಕಿಂತ ಮೆತ್ತಗೆ. ಹೊಡೆದ ಮೊದಲ ಕೆಲವು ವಾರ ಇನ್ನೂ ಮೆತ್ತಗೆ. ಬಂಪರ್ ಪ್ಲಾಸ್ಟಿಕ್ಕಿನದು, ಅದರ ಪೇಂಟಿಗೆ ಬಾಗುವ ಗುಣ ಬೇಕು, ಅದನ್ನು ಬೇಯಿಸುವುದೂ ಕಡಿಮೆ ಶಾಖದಲ್ಲೇ. ಒಂದೇ ಕಾರಿನಲ್ಲಿ ಬಾಗಿಲು ಒಂದು ಗುಣದ್ದು, ಬಂಪರ್ ಇನ್ನೊಂದು ಗುಣದ್ದು, ಯಾವಾಗಲೋ ತಾಗಿಸಿಕೊಂಡು ಪೇಂಟ್ ಹೊಡೆಸಿದ ಮಡ್‌ಗಾರ್ಡು ಮತ್ತೊಂದು ಗುಣದ್ದು.

ಇದನ್ನೆಲ್ಲ ಕಾರು ಮಾಡುವವರು ಬೇಕೆಂದೇ ಬದಲಿಸುತ್ತಾರೆ ಎಂದು ತಿಳಿದಾಗ ಅವನಿಗೆ ನಿಜವಾದ ಬೆರಗು. ಮರ್ಸಿಡಿಸ್ ಬೆಂಜ್ 2003ರ ಕೊನೆಯಲ್ಲಿ ಕ್ಲಿಯರ್‌ನೊಳಗೆ ಅತಿ ಸಣ್ಣ ಸೆರಾಮಿಕ್ ಕಣಗಳನ್ನು ಸೇರಿಸತೊಡಗಿತು. ಒಣಗುವಾಗ ಆ ಕಣಗಳು ಮೇಲಕ್ಕೆ ಬಂದು ಒತ್ತಾಗಿ ಕೂತು ಗೀರಿಗೆ ಎದುರು ನಿಲ್ಲುತ್ತವೆ. ನಿಸಾನ್ ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿಯಿತು. 2005ರಲ್ಲಿ ನಿಪ್ಪಾನ್ ಪೇಂಟ್ ಜೊತೆ ಸೇರಿ, ರಬ್ಬರಿನ ಹಾಗೆ ಹಿಗ್ಗುವ ಗುಣದ ಕ್ಲಿಯರ್ ತಂದಿತು. ಅದರ ಮೇಲೆ ಸಣ್ಣ ಗೀರು ಬಿದ್ದರೆ ಒಂದು ದಿನದಿಂದ ಒಂದು ವಾರದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿಸಿಲಿದ್ದರೆ ಬೇಗ, ಚಳಿಯಿದ್ದರೆ ನಿಧಾನ. ಒಬ್ಬರು ಗಟ್ಟಿಯಾಗಿ ನಿಂತು ಗೀರನ್ನು ಎದುರಿಸಿದರು, ಇನ್ನೊಬ್ಬರು ಬಾಗಿ ಅದನ್ನು ಕಳೆದುಕೊಂಡರು. ಟೊಯೋಟಾದ 202 ಎಂಬ ಸಂಖ್ಯೆಯ ಕಪ್ಪಂತೂ ಈ ಕಸುಬಿನವರಲ್ಲಿ ಹೆಸರಾದದ್ದು. ಅದಕ್ಕೆ ಕ್ಲಿಯರ್ರೇ ಇಲ್ಲ, ಹಳೆಯ ಕಾಲದ ಒಂದೇ ಪದರದ ಬಣ್ಣ. ಒರೆಸಿದರೆ ಬಟ್ಟೆ ಕರಿಯಾಗುತ್ತದೆ, ಉಸಿರು ತಾಗಿದರೂ ಗೀರು ಬಿತ್ತೇನೋ ಎನ್ನುವಷ್ಟು ಮೆತ್ತಗೆ. ಸರಿಯಾಗಿ ಪಾಲಿಶ್ ಆದಾಗ ಮಾತ್ರ ಅಂಥ ಕಪ್ಪು ಬೇರೊಂದಿಲ್ಲ.

ಜರ್ಮನ್ ಎಂದರೆ ಗಟ್ಟಿ, ಜಪಾನಿ ಎಂದರೆ ಮೆತ್ತಗೆ ಎಂಬ ಮಾತು ಶೆಡ್ಡುಗಳಲ್ಲಿ ಗಾದೆಯಂತೆ ಓಡಾಡುತ್ತದೆ. ಹತ್ತಕ್ಕೆ ಆರೇಳು ಸಲ ನಿಜವೂ ಇರಬಹುದು. ಉಳಿದ ಮೂರು ನಾಲ್ಕು ಸಲ ಅದನ್ನು ನಂಬಿ ಕೂತವನು ಕೆಡುತ್ತಾನೆ. ಲಾಂಛನ ನೋಡಿ ಪ್ಯಾಡು ಆರಿಸುವುದನ್ನು ಅವನು ಬಿಟ್ಟದ್ದು ಒಂದು ದೊಡ್ಡ ಪೆಟ್ಟು ತಿಂದ ಮೇಲೆ.

*

2009ರ ಮಾತು. ಸ್ವಂತ ಶೆಡ್ಡು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಯೂರೋಪಿನ ಕಂಪನಿಯದೊಂದು ಗಾಡಿ ಬಂತು, ಗಾಢ ನೀಲಿ. ಬಾನೆಟ್ಟು, ಚಾವಣಿ, ಎಡಗಡೆಯ ಬಾಗಿಲುಗಳು ಎಲ್ಲ ಕಲ್ಲಿನಂತೆ ಗಟ್ಟಿ. ಉಣ್ಣೆ ಪ್ಯಾಡಿನಲ್ಲಿ ಒಂದೊಂದನ್ನೂ ಮುಗಿಸಿಕೊಂಡು ಬಂದ. ಬಲಗಡೆಯ ಹಿಂಬಾಗಿಲಿಗೆ ಬಂದಾಗ ಮಧ್ಯಾಹ್ನ ಮೂರು. ಬಾಗಿಲ ನಡುವೆ ಚೂಪಾದ ಏಣಿನ ಗೆರೆಯೊಂದು ಹಾದುಹೋಗಿತ್ತು. ಅದರ ಮೇಲೆ ಮೆಷಿನ್ ತಂದ ಮೂರನೇ ಸೆಕೆಂಡಿಗೆ ಮೂಗಿಗೆ ವಾಸನೆ ಬಂತು. ಚಿಕ್ಕಂದಿನಲ್ಲಿ ಅರಗು ಸೀದಾಗ ಬರುತ್ತಿದ್ದ ವಾಸನೆಯಲ್ಲ, ಆದರೆ ಅದೇ ಎಚ್ಚರಿಕೆ. ಕೈ ಹಿಂತೆಗೆಯುವಷ್ಟರಲ್ಲಿ ತಡವಾಗಿತ್ತು. ಏಣಿನ ಉದ್ದಕ್ಕೂ ಎರಡು ಬೆರಳಷ್ಟು ಜಾಗದಲ್ಲಿ ನೀಲಿ ಹೋಗಿ ಪ್ರೈಮರಿನ ಬೂದು ಬಿಳಿ ಇಣುಕುತ್ತಿತ್ತು.

ಆ ಬಾಗಿಲಿಗೆ ಹಿಂದೆಂದೋ ಗ್ಯಾರೇಜಿನಲ್ಲಿ ಪೇಂಟು ಹೊಡೆದಿದ್ದರು. ಅದು ಮಾಲೀಕರಿಗೂ ಗೊತ್ತಿರಲಿಲ್ಲ. ಕಾರು ಅವರು ಕೊಂಡಿದ್ದು ಎರಡನೇ ಕೈ. ಏಣಿನ ಮೇಲೆ ಪೇಂಟು ಯಾವಾಗಲೂ ತೆಳುವಾಗಿಯೇ ಕೂರುತ್ತದೆ, ಪ್ಯಾಡಿನ ಒತ್ತಡವೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಒಂದೇ ಕಡೆ ಸುತ್ತುವ ರೋಟರಿ ಮೆಷಿನ್ನು ನಿಂತಲ್ಲೇ ಬಿಸಿ ಏರಿಸುತ್ತದೆ. ಅವನು ಮಾಲೀಕರಿಗೆ ಫೋನ್ ಮಾಡಿ ಹೇಳಿದ. ಬಾಗಿಲಿಗೆ ತನ್ನ ಕೈಯಿಂದ ದುಡ್ಡು ಹಾಕಿ ಪೇಂಟು ಹೊಡೆಸಿಕೊಟ್ಟ. ಆ ತಿಂಗಳ ಬಾಡಿಗೆಗೆ ಹೆಂಡತಿಯ ಓಲೆ ಗಿರವಿ ಅಂಗಡಿ ಸೇರಿತು.

ಅದಾದ ಮೇಲೆ ಅವನು ಕೊಂಡ ಮೊದಲ ಸಾಮಾನು ಪೇಂಟಿನ ದಪ್ಪ ಅಳೆಯುವ ಮೀಟರು. ಅಂಗೈಯಗಲದ ಪುಟ್ಟ ಯಂತ್ರ. ಕಬ್ಬಿಣದ ತಗಡಿನ ಮೇಲಿಟ್ಟರೆ ಅಯಸ್ಕಾಂತದ ಬಲದಿಂದ ದಪ್ಪ ಅಳೆಯುತ್ತದೆ, ಅಲ್ಯೂಮಿನಿಯಂ ಬಾನೆಟ್ಟಿನ ಮೇಲೆ ತಗಡಿನಲ್ಲಿ ಹುಟ್ಟುವ ವಿದ್ಯುತ್ ಸುಳಿಯನ್ನು ಹಿಡಿದು ಅಳೆಯುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಮೂಕ. ಕಾರು ಬಂದ ಕೂಡಲೇ ಅವನು ಅದನ್ನು ಹಿಡಿದು ಸುತ್ತು ಹಾಕುತ್ತಾನೆ. 112, 118, 109, 121 ಎಂದು ಬರುತ್ತಾ ಬರುತ್ತಾ ಒಂದು ಬಾಗಿಲಲ್ಲಿ 260 ಬಂದರೆ ಅಲ್ಲಿ ಎರಡನೇ ಪೇಂಟು ಇದೆ ಎಂದು ಅರ್ಥ. 80ಕ್ಕಿಂತ ಕೆಳಗೆ ಬಂದರೆ ಯಾರೋ ಈಗಾಗಲೇ ಸಾಕಷ್ಟು ತಿಂದಿದ್ದಾರೆ, ಅಲ್ಲಿ ಅವನು ಕೊರೆಯುವ ಕಾಂಪೌಂಡು ಮುಟ್ಟುವುದಿಲ್ಲ. ಆದರೂ ಮೀಟರು ಒಟ್ಟು ದಪ್ಪ ಹೇಳುತ್ತದೆಯೇ ಹೊರತು ಕ್ಲಿಯರ್ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ, ಗಟ್ಟಿಯೋ ಮೆತ್ತಗೋ ಎಂದೂ ಹೇಳುವುದಿಲ್ಲ. ಅದಕ್ಕೆ ಮೇಸ್ತ್ರಿ ಕಲಿಸಿದ ಒಂದಡಿ ಚೌಕವೇ ಗತಿ.

ಚೌಕವನ್ನು ಅವನು ಈಗ ಮಾಡುವ ಕ್ರಮ ಇದು. ಕಾರು ತೊಳೆದು, ಕ್ಲೇ ಉಜ್ಜಿ ಅಂಟಿದ ಧೂಳಿನ ಕಣ ತೆಗೆದು, ಬಾನೆಟ್ಟಿನ ಮೂಲೆಯಲ್ಲಿ ಟೇಪು ಅಂಟಿಸಿ ಗಡಿ ಹಾಕುತ್ತಾನೆ. ಮೊದಲು ಎಲ್ಲಕ್ಕಿಂತ ನಯವಾದ ಪಾಲಿಶ್, ಎಲ್ಲಕ್ಕಿಂತ ಮೆತ್ತನೆಯ ಪ್ಯಾಡು. ಕೈ ನಿಧಾನ, ಅಡ್ಡಡ್ಡ ನಾಲ್ಕು ಸುತ್ತು, ಉದ್ದುದ್ದ ನಾಲ್ಕು ಸುತ್ತು. ಒರೆಸಿದ ಮೇಲೆ ಸ್ಪಿರಿಟ್ಟು ಬೆರೆಸಿದ ನೀರು ಚಿಮುಕಿಸಿ ಮತ್ತೊಮ್ಮೆ ಒರೆಸುತ್ತಾನೆ. ಈ ಕೊನೆಯ ಒರೆಸು ಬಹಳ ಮುಖ್ಯ. ಎಷ್ಟೋ ಪಾಲಿಶ್‌ಗಳಲ್ಲಿ ಎಣ್ಣೆ ಇರುತ್ತದೆ, ಅದು ಗೀರಿನೊಳಗೆ ಇಳಿದು ಗೀರನ್ನು ಮರೆಸುತ್ತದೆ. ಎರಡು ಮಳೆ ಬಂದರೆ ಎಣ್ಣೆ ಹೋಗಿ ಗೀರು ತಿರುಗಿ ಬರುತ್ತದೆ. ಎಣ್ಣೆ ಹೊಳಪನ್ನು ಕೆಲಸ ಎಂದು ಹೇಳಿ ದುಡ್ಡು ತೆಗೆದುಕೊಳ್ಳುವುದು ಮೋಸ, ಅದಕ್ಕೆ ಬೇರೆ ಹೆಸರಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೂ ಗೀರು ಕಂಡರೆ ಪ್ಯಾಡು ಒಂದು ಮೆಟ್ಟಿಲು ಗಟ್ಟಿ, ಆಮೇಲೆ ಪಾಲಿಶ್ ಒಂದು ಮೆಟ್ಟಿಲು ಒರಟು. ಹೀಗೆ ಮೇಲಕ್ಕೆ ಹತ್ತುತ್ತಾ ಎಲ್ಲಿ ಗೀರು ಅಳಿಯುತ್ತದೋ ಅಲ್ಲಿಗೆ ನಿಲ್ಲುತ್ತಾನೆ.

ಈ ಚೌಕದೊಳಗೇ ಪೇಂಟು ತನ್ನ ಗುಣ ಹೇಳಿಬಿಡುತ್ತದೆ. ನಯ ಪಾಲಿಶ್‌ನ ಎರಡೇ ಸುತ್ತಿಗೆ ಗೀರು ಕರಗಿ, ಒರೆಸುವಾಗ ಬಟ್ಟೆ ಸ್ವಲ್ಪ ಹಿಡಿದುಕೊಂಡ ಹಾಗೆ ಅನಿಸಿದರೆ ಅದು ಮೆತ್ತಗೆ. ಅಲ್ಲಿ ಪ್ರತಿ ಭಾಗ ಮುಗಿದಾಗಲೂ ಪ್ಯಾಡನ್ನು ಬ್ರಷ್ಷಿನಿಂದ ಉಜ್ಜಿ ಶುಚಿ ಮಾಡಬೇಕು, ಕೊನೆಯ ಸುತ್ತಿನಲ್ಲಿ ಕೈಭಾರ ಪೂರ್ತಿ ಎತ್ತಬೇಕು. ಮೆಷಿನ್ನು ಆಡಿಸಿದರೂ ಗೀರು ಅಲ್ಲಾಡದೆ, ಪ್ಯಾಡು ಮೈ ಮೇಲೆ ಜಾರಿಕೊಂಡು ಹೋದರೆ ಅದು ಗಟ್ಟಿ. ಅಲ್ಲಿ ಮೈಕ್ರೋಫೈಬರ್ ಪ್ಯಾಡೋ ಉಣ್ಣೆಯೋ ಬೇಕು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ನಡುವೆ ಅಂಗೈ ಇಟ್ಟು ಬಿಸಿ ನೋಡುತ್ತಿರಬೇಕು. ಅಂಗೈ ತಾಳಲಾರದಷ್ಟು ಬಿಸಿಯಾದರೆ ಅವನು ಮೆಷಿನ್ ಆರಿಸಿ ಟೀ ಕುಡಿಯಲು ಹೋಗುತ್ತಾನೆ.

ಮೆಷಿನ್ನುಗಳೂ ಬದಲಾದವು. ರೋಟರಿ ಜಾಗಕ್ಕೆ ಸುತ್ತುತ್ತಲೇ ತೂಗಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರ ಬಂತು. ಇಟಲಿಯ ರೂಪೆಸ್ ಕಂಪನಿಯ 15 ಮತ್ತು 21 ಮಿಲಿಮೀಟರ್ ತೂಗಿನ ಯಂತ್ರಗಳು ಈ ಕಸುಬಿನ ದಾರಿಯನ್ನೇ ತಿರುಗಿಸಿದವು. ಪ್ಯಾಡು ಒಂದೇ ದಿಕ್ಕಿಗೆ ಎಳೆಯದೆ ಇರುವುದರಿಂದ ಅವತ್ತಿನ ಬೂದು ಪಟ್ಟೆಗಳು ಏಳುವ ಭಯ ಬಹುಪಾಲು ಹೋಯಿತು, ಬಿಸಿಯೂ ಅಷ್ಟು ಏರುವುದಿಲ್ಲ. ಹಾಗೆಂದು ರೋಟರಿಯನ್ನು ಅವನು ಮಾರಿಲ್ಲ. ಕಲ್ಲಿನಂಥ ಪೇಂಟಿನ ಆಳದ ಗೀರಿಗೆ ಇವತ್ತಿಗೂ ಅದನ್ನೇ ಗೂಡಿನಿಂದ ಇಳಿಸುತ್ತಾನೆ.

ಒಂದು ವಿಷಯ ಅವನಿಗೆ ತಡವಾಗಿ ತಿಳಿದು ಬಹಳ ಹಿತವೆನಿಸಿತು. ಅವನು ದಿನವೂ ಬಳಸುವ ಪಾಲಿಶ್‌ಗಳಲ್ಲಿ ಒಂದು ಮೆಗ್ವಾಯರ್ಸ್ ಕಂಪನಿಯದು. ಆ ಕಂಪನಿ 1901ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಶುರುವಾದದ್ದು ಮರದ ಪೀಠೋಪಕರಣಗಳ ಪಾಲಿಶ್ ಮಾಡುತ್ತಾ. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದ. ಆಗಲೇ ಕಣ್ಣು ಮಂಜಾಗಿದ್ದ ಅಪ್ಪ ಲೇತಿನ ಮೇಲಿದ್ದ ಬುಗುರಿಯನ್ನು ತಡವುತ್ತಾ, “ಮರಾನೇ ಮೊದ್ಲು ಬಿಡಪ್ಪ” ಎಂದು ನಕ್ಕರು.

ಈಚೆಗೆ ಗಿರಾಕಿಗಳು ಬಂದು ಕೇಳುವುದು ಸೆರಾಮಿಕ್ ಕೋಟಿಂಗ್. “ಒಂಬತ್ತು ಎಚ್ ಅಂತೆ, ವಜ್ರದಷ್ಟು ಗಟ್ಟಿ ಅಂತೆ, ಇನ್ನು ಗೀರೇ ಬೀಳಲ್ವಂತೆ ಹೌದಾ?” ಅವನು ಮೇಜಿನ ಡ್ರಾಯರಿನಿಂದ ಒಂದು ಪೆನ್ಸಿಲ್ ತೆಗೆದು ತೋರಿಸುತ್ತಾನೆ. ಆ ಎಚ್ ಪೆನ್ಸಿಲ್ಲಿನ ಸೀಸದ ಎಚ್. ಪೇಂಟಿನ ಮೇಲೆ ಬೇರೆ ಬೇರೆ ಗಟ್ಟಿತನದ ಪೆನ್ಸಿಲ್ ಒತ್ತಿ ಎಳೆದು, ಯಾವುದಕ್ಕೆ ಗೀರು ಬೀಳುತ್ತದೆ ಎಂದು ನೋಡುವ ಪರೀಕ್ಷೆ ಅದು. ವಜ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಟಿಂಗಿನಿಂದ ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಬಿಸಿಲಿನ ಏಟು ಕಡಿಮೆಯಾಗುತ್ತದೆ. ಅಷ್ಟಕ್ಕೇ ಅದು ಬೆಲೆ ಬಾಳುತ್ತದೆ. ಮರಳಿನ ಕಣದ ಮೇಲೆ ಬಟ್ಟೆ ಎಳೆದರೆ ಅದರ ಮೇಲೂ ಗೀರು ಬೀಳುತ್ತದೆ. ಇದನ್ನು ಕೇಳಿ ಕೆಲವರು ಎದ್ದು ಬೇರೆ ಅಂಗಡಿಗೆ ಹೋಗಿದ್ದಾರೆ. ಹೋಗಲಿ ಎಂದು ಬಿಟ್ಟಿದ್ದಾನೆ.

*

ಗೀರು ಹುಟ್ಟುವ ಜಾಗ ಎಲ್ಲಿ ಎಂದು ಅವನು ಹುಡುಕಿಕೊಂಡು ಹೋದದ್ದು ಒಂದೇ ಸಲ. ಬನಶಂಕರಿಯ ಕಡೆಯ ಒಂದು ಅಪಾರ್ಟ್‌ಮೆಂಟಿನಿಂದ ಆರು ತಿಂಗಳಲ್ಲಿ ಮೂರು ಕಾರುಗಳು ಅವನಲ್ಲಿಗೆ ಬಂದವು. ಒಂದು ಗಟ್ಟಿ, ಎರಡು ಮೆತ್ತಗೆ. ಮೂರರ ಮೇಲೂ ಒಂದೇ ಥರದ ಗೀರು. ಒಂದು ಬೆಳಿಗ್ಗೆ ಐದೂವರೆಗೆ ಆ ಬೇಸ್‌ಮೆಂಟಿಗೆ ಹೋದ. ಕಾರು ಒರೆಸುವ ಹೆಂಗಸು ಆಗಲೇ ಆರನೇ ಕಾರಿನ ಹತ್ತಿರ ಇದ್ದರು. ಒಂದು ಬಕೆಟ್, ಒಂದು ಬಟ್ಟೆ. ಮೊದಲು ಟೈರು, ಆಮೇಲೆ ಬಾಗಿಲು, ಆಮೇಲೆ ಗಾಜು. ಆರನೇ ಕಾರಿಗೆ ಬರುವಷ್ಟರಲ್ಲಿ ಬಕೆಟ್ಟಿನ ತಳದಲ್ಲಿ ಬೆರಳಲ್ಲಿ ತಡವಿದರೆ ಸಿಗುವಷ್ಟು ಮಣ್ಣು.

“ಅಕ್ಕ, ನೀರು ಬದ್ಲಾಯಿಸ್ಬೋದಲ್ವಾ?” ಎಂದ.

“ಇಪ್ಪತ್ತು ಕಾರಿದೆ ಅಣ್ಣ. ಏಳು ಗಂಟೆಗೆ ಎಲ್ರೂ ಹೊರಡ್ತಾರೆ. ಬೋರು ನಲ್ಲಿ ಆ ಕಡೆ ತುದೀಲಿದೆ. ಬಟ್ಟೆ ಅವ್ರು ಕೊಟ್ಟಿದ್ದೇ, ಹಳೇ ಬನಿಯನ್ನು.”

ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ತಿಂಗಳಿಗೆ ಕಾರಿಗಿಷ್ಟು ಎಂದು ಪುಡಿಗಾಸು ಕೊಟ್ಟು, ನೀರು ಕೊಡದೆ, ಬಟ್ಟೆ ಕೊಡದೆ, ಗೀರು ಬಿತ್ತೆಂದು ಅವರನ್ನೇ ಬೈಯುವುದು ನ್ಯಾಯವಲ್ಲ ಎಂದು ಅವನಿಗನಿಸಿತು. ಆ ಮೂವರು ಮಾಲೀಕರನ್ನು ಕರೆಸಿ ಮಾತಾಡಿದ. ನಲ್ಲಿಗೊಂದು ಪೈಪು ಬಂತು. ಅವನು ತನ್ನ ಶೆಡ್ಡಿನಿಂದ ಎರಡು ಡಜನ್ ಮೈಕ್ರೋಫೈಬರ್ ಬಟ್ಟೆ, ಇನ್ನೊಂದು ಬಕೆಟ್ ಕೊಟ್ಟ. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೊದಲು ಪೈಪಿನಿಂದ ಧೂಳು ಇಳಿಸುವುದು, ಮೇಲಿಂದ ಕೆಳಗೆ ಒರೆಸುವುದು, ಟೈರಿನ ಬಟ್ಟೆ ಬಾಡಿಗೆ ಮುಟ್ಟಿಸದಿರುವುದು. ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿದ. ಅವರು ತಲೆಯಾಡಿಸಿದರು. ಟೈರಿನ ಬಟ್ಟೆ, ಬಾಡಿಯ ಬಟ್ಟೆ ಎರಡೂ ಒಂದೇ ಬಣ್ಣದವು, ನೀಲಿ. ಬೇರೆ ಬಣ್ಣದ್ದು ತರಬೇಕಿತ್ತು ಎಂದು ದಾರಿಯಲ್ಲಿ ಹೊಳೆಯಿತು.

ಮುಂದಿನ ತಿಂಗಳು ಮತ್ತೊಂದು ಕಾರು ತರಲು ಹೋದಾಗ ಬೇಸ್‌ಮೆಂಟಿನ ಮೋಟಾರು ರೂಮಿನ ಪಕ್ಕ ಹಗ್ಗ ಕಟ್ಟಿತ್ತು. ಒಗೆದ ನೀಲಿ ಬಟ್ಟೆಗಳು ಎರಡು ಗುಂಪಾಗಿ ಒಣಗುತ್ತಿದ್ದವು. ಹತ್ತಿರ ಹೋಗಿ ನೋಡಿದ. ಟೈರಿನ ಬಟ್ಟೆಗಳ ಒಂದೊಂದು ಮೂಲೆಗೂ ಆಕೆ ಕೆಂಪು ದಾರದಲ್ಲಿ ದಪ್ಪ ಹೊಲಿಗೆ ಹಾಕಿದ್ದರು.